ಎಂಟು ಡಿಸ್ಕ್‌ಗೆ ಮೂರು ಕಾರ್ಡ್: ಫ್ರೀಬಿಎಸ್‌ಡಿ ಸರ್ವರ್ ಕಟ್ಟಿದ ಟಿಪ್ಪಣಿ

ಹಳೇ ಡೆಸ್ಕ್‌ಟಾಪ್ ಒಂದು ಸುಮ್ನೆ ಮೂಲೆ ಹಿಡಿದು ಕೂತಿತ್ತು. ಅದನ್ನು ಫೈಲ್ ಸರ್ವರ್ ಮಾಡೋಣ ಅಂತ ಹೊರಟೆ. 4 ಟಿಬಿಯ ಎಂಟು ಹಾರ್ಡ್ ಡಿಸ್ಕ್, ಬೂಟ್ ಆಗಲು ಎರಡು ಚಿಕ್ಕ ಎಸ್‌ಎಸ್‌ಡಿ, ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ 14, ಅದರ ಮೇಲೆ ಡಿಸ್ಕ್‌ಗಳನ್ನು ನೋಡಿಕೊಳ್ಳುವ ಫೈಲ್ ಸಿಸ್ಟಂ ಝಡ್‌ಎಫ್‌ಎಸ್. ಎಂಟೂ ಡಿಸ್ಕ್ ಸೇರಿಸಿ ಒಂದೇ ರೇಡ್‌ಝಡ್2 ಗುಂಪು. ಎರಡು ಡಿಸ್ಕ್ ಕೈಕೊಟ್ಟರೂ ಡೇಟಾ ಉಳಿಯುತ್ತದೆ, ಆರು ಡಿಸ್ಕಿನಷ್ಟು ಜಾಗ ಸಿಗುತ್ತದೆ.

ಲೆಕ್ಕ ಸುಲಭ. ತೊಡಕು ಬೇರೆ ಕಡೆ ಇತ್ತು. ಮದರ್‌ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ಇರುವುದು ನಾಲ್ಕೇ. ಎರಡು ಬೂಟ್‌ಗೆ ಹೋದವು. ಉಳಿದ ಎರಡರಲ್ಲಿ ಎಂಟು ಡಿಸ್ಕ್ ಹೇಗೆ ಕೂರಿಸೋದು? ಕಾರ್ಡ್ ಬೇಕೇ ಬೇಕು. ಕಾರ್ಡ್ ತರುವುದು ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೂರು ಕಾರ್ಡ್ ಬದಲಾಯಿಸುವಷ್ಟರಲ್ಲಿ ಆರು ವಾರ ಕಳೆಯಿತು. ಇದೇ ದಾರಿಯಲ್ಲಿ ಹೊರಟವರಿಗೆ ಮೊದಲ ಎರಡು ಕಾರ್ಡ್ ಉಳಿಯಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮೊದಲ ಕಾರ್ಡ್: ಎಂಟು ಪೋರ್ಟ್, ಒಂದೇ ಲೇನ್

ಪೊಟ್ಟಣದ ಮೇಲೆ "8 ಪೋರ್ಟ್ ಸಾಟಾ" ಅಂತ ಇತ್ತು. ಲಿನಕ್ಸ್, ಬಿಎಸ್‌ಡಿ ಎರಡರಲ್ಲೂ ನಡೆಯುತ್ತದೆ ಅಂತಲೂ ಇತ್ತು. ಅದು ಸುಳ್ಳೂ ಅಲ್ಲ. ಸ್ಲಾಟ್‌ಗೆ ಹಾಕಿದೆ, ಸ್ವಿಚ್ ಒತ್ತಿದೆ, ಎಂಟೂ ಡಿಸ್ಕ್ ಕಾಣಿಸಿದವು. ಫ್ರೀಬಿಎಸ್‌ಡಿಯ ಎಎಚ್‌ಸಿಐ (ಸಾಟಾ ಕಾರ್ಡ್‌ಗಳ ಸಾಮಾನ್ಯ ಪದ್ಧತಿ) ಡ್ರೈವರ್ ಯಾವ ತಕರಾರೂ ಮಾಡದೆ ಕಾರ್ಡನ್ನು ಒಪ್ಪಿಕೊಂಡಿತು. ಎಂಟೂ ಡಿಸ್ಕ್ ಸೇರಿದ ಝಡ್‌ಎಫ್‌ಎಸ್ ಪೂಲ್ ಮಾಡಿ, ಹಳೆಯ ಬ್ಯಾಕಪ್‌ಗಳನ್ನೆಲ್ಲ ತುಂಬಿಸಿದೆ. ಒಂದೊಂದು ಡಿಸ್ಕ್ ಸುಮಾರು 2 ಟಿಬಿ ತುಂಬಿತು. ತುಂಬಿಸುವಾಗ ವೇಗ ಕಡಿಮೆ ಅನ್ನಿಸಿತು. ನೆಟ್‌ವರ್ಕಿನದೇ ತಪ್ಪಿರಬೇಕು ಅಂದುಕೊಂಡು ಸುಮ್ಮನಾದೆ.

ಸ್ಕ್ರಬ್ ಓಡಿಸಿದಾಗ ಬಣ್ಣ ಬಯಲಾಯಿತು. ಸ್ಕ್ರಬ್ ಅಂದರೆ ಝಡ್‌ಎಫ್‌ಎಸ್ ಪ್ರತಿ ಡಿಸ್ಕಿನ ಎಲ್ಲ ಡೇಟಾವನ್ನೂ ಓದಿ, ಬರೆಯುವಾಗ ಉಳಿಸಿಟ್ಟ ತಾಳೆ ಸಂಖ್ಯೆ (ಚೆಕ್‌ಸಮ್) ಜೊತೆ ಹೋಲಿಸಿ ನೋಡುವುದು. ಎಂಟೂ ಡಿಸ್ಕ್ ಒಟ್ಟಿಗೇ ದುಡಿಯುತ್ತವೆ. ಎರಡನೇ ಗಂಟೆಗೆ ಕನ್ಸೋಲ್ ತುಂಬ ಟೈಮ್‌ಔಟ್ ಸಾಲುಗಳು. ಝಡ್‌ಪೂಲ್ ಸ್ಟೇಟಸ್ ನೋಡಿದರೆ ನಾಲ್ಕು ಡಿಸ್ಕ್‌ನಲ್ಲಿ ಓದುವ ದೋಷ, ಇನ್ನು ನಾಲ್ಕರಲ್ಲಿ ಸೊನ್ನೆ.

ಒಂದೇ ದಿನ, ಒಂದೇ ನಿಮಿಷದಲ್ಲಿ ನಾಲ್ಕು ಡಿಸ್ಕ್ ಕೆಡುತ್ತವಾ? ಕೆಡುವುದಿಲ್ಲ ಅಲ್ವಾ. ಆ ನಾಲ್ಕಕ್ಕೂ ಸಮಾನವಾದದ್ದು ಏನೋ ಕೆಟ್ಟಿರಬೇಕು. ಕಾರ್ಡ್ ಹೊರಗೆ ತೆಗೆದೆ, ಟಾರ್ಚ್ ಹಿಡಿದು ಚಿಪ್‌ಗಳ ಮೇಲಿನ ಬರಹ ಓದಿದೆ. ಮುಖ್ಯ ಚಿಪ್ ನಿಜಕ್ಕೂ ಎರಡು ಪೋರ್ಟಿನದು. ಪಕ್ಕದಲ್ಲಿ ಎರಡು ಪೋರ್ಟ್ ಮಲ್ಟಿಪ್ಲೈಯರ್ ಚಿಪ್. ಒಂದೊಂದು ಪೋರ್ಟನ್ನು ಸೀಳಿ ನಾಲ್ಕು ಮಾಡಿದ್ದರು. ಒಂದು ಗೂಟಕ್ಕೆ ನಾಲ್ಕು ಹಸು ಕಟ್ಟಿದ ಹಾಗೆ. ಒಂದು ಬೆದರಿ ಹಗ್ಗ ಎಳೆದರೆ ಉಳಿದ ಮೂರೂ ಮುಗ್ಗರಿಸುತ್ತವೆ. ಒಂದು ಡಿಸ್ಕ್ ಉತ್ತರ ಕೊಡಲು ತಡಮಾಡಿತು, ಡ್ರೈವರ್ ಆ ಪೋರ್ಟನ್ನೇ ರಿಸೆಟ್ ಮಾಡಿತು, ಅದರ ಹಿಂದಿದ್ದ ನಾಲ್ಕೂ ಡಿಸ್ಕಿನ ಕೆಲಸ ಅರ್ಧಕ್ಕೆ ನಿಂತಿತು.

ಇದರ ಜೊತೆಗೆ ಲೇನ್ ವಿಷಯ, ಅಂದರೆ ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವೆ ಡೇಟಾ ಓಡುವ ದಾರಿ. ಕಾರ್ಡಿನ ತಳದಲ್ಲಿ ಒಂದೇ ಲೇನಿನ ಚಿಕ್ಕ ಅಂಚು. ಸ್ಲಾಟಿನ ಪದ್ಧತಿ ಪಿಸಿಐ ಎಕ್ಸ್‌ಪ್ರೆಸ್ 2.0 ಆದರೆ ಒಂದು ಲೇನಿಗೆ ಸೆಕೆಂಡಿಗೆ 500 ಎಂಬಿ. ಅದು ಕಾಗದದ ಮೇಲಿನ ಅಂಕಿ. ಕೈಗೆ ಸಿಗುವುದು 400ರ ಆಸುಪಾಸು. ಎಂಟು ಡಿಸ್ಕ್‌ಗೆ ಹಂಚಿದರೆ ತಲಾ 50. ಡಿಸ್ಕಿಗೆ 2 ಟಿಬಿ ಓದಲು ಆ ಲೆಕ್ಕದಲ್ಲಿ 11 ಗಂಟೆ ಬೇಕು. ಇದೇ ಡಿಸ್ಕ್‌ಗಳು ಒಂಟಿಯಾಗಿ 150ರ ಮೇಲೆ ಆರಾಮಾಗಿ ಓದುತ್ತವೆ.

ಅಂದಹಾಗೆ, ಸಾಟಾ ಕಾರ್ಡ್‌ಗಳೆಲ್ಲ ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಪೋರ್ಟ್‌ಗಳೆಲ್ಲ ಒಂದೇ ಚಿಪ್‌ನಿಂದ ನೇರವಾಗಿ ಬರುವ ಕಾರ್ಡ್‌ಗಳಿವೆ. ಜೆಎಂಬಿ585 ಚಿಪ್ ಐದು ಪೋರ್ಟ್ ಕೊಡುತ್ತದೆ, ಎಎಸ್‌ಎಂ1166 ಆರು. ಎರಡೂ ಪಿಸಿಐ ಎಕ್ಸ್‌ಪ್ರೆಸ್ 3.0ರ ಎರಡು ಲೇನ್ ಬಳಸುತ್ತವೆ. ಎರಡೂ ಎಎಚ್‌ಸಿಐ ಪದ್ಧತಿಯವು, ಹಾಗಾಗಿ ಬೇರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ನನಗೆ ನಾಲ್ಕೈದು ಪೋರ್ಟ್ ಸಾಕಿದ್ದರೆ ಅಲ್ಲಿಗೇ ಮುಗಿಸುತ್ತಿದ್ದೆ. ಎಂಟು ಬೇಕಿತ್ತು. ಮುಂದೆ ಸರ್ವರ್‌ಗಳಲ್ಲಿ ಬಳಸುವ ಎಸ್‌ಎಎಸ್ ಡಿಸ್ಕ್ ಸಿಕ್ಕರೆ ಅದನ್ನೂ ಹಾಕುವ ಆಸೆ ಬೇರೆ. ಸಾಟಾ ಕಾರ್ಡಿಗೆ ಎಸ್‌ಎಎಸ್ ಡಿಸ್ಕ್ ಹಿಡಿಸುವುದಿಲ್ಲ. ಎಸ್‌ಎಎಸ್ ಕಾರ್ಡಿಗೆ ಎರಡೂ ಹಿಡಿಸುತ್ತವೆ.

ಎರಡನೇ ಕಾರ್ಡ್: ಅತಿ ಜಾಣ

ಕೆಲಸ ನಿಲ್ಲಿಸಿದ್ದ ಸರ್ವರ್ ಒಂದರಿಂದ ಬಿಚ್ಚಿದ ರೇಡ್ ಕಾರ್ಡ್, ಅಂದರೆ ಹಲವು ಡಿಸ್ಕ್‌ಗಳನ್ನು ತಾನೇ ಸೇರಿಸಿ ಒಂದಾಗಿಸುವ ಕಾರ್ಡ್, ಗೆಳೆಯನ ಹತ್ತಿರ ಇತ್ತು. ಎಂಟು ಪೋರ್ಟ್, ಎಂಟು ಲೇನ್, ಅದರದೇ ಮೆಮೊರಿ, ಅದಕ್ಕೊಂದು ಬ್ಯಾಟರಿ. ನೋಡಿದರೆ ಗೌರವ ಬರುವಂಥ ಕಾರ್ಡ್. ಫ್ರೀಬಿಎಸ್‌ಡಿಗೆ ಡ್ರೈವರೂ ಇತ್ತು. ಬೂಟ್ ಆದಾಗ ಕಾರ್ಡಿನ ಹೆಸರು, ಫರ್ಮ್‌ವೇರ್ (ಕಾರ್ಡಿನೊಳಗಿನ ತಂತ್ರಾಂಶ) ಆವೃತ್ತಿ ಎಲ್ಲ ಬಂತು. ಡಿಸ್ಕ್ ಮಾತ್ರ ಒಂದೂ ಬರಲಿಲ್ಲ.

ಕಾರಣ ಇಷ್ಟೇ. ಈ ಬಗೆಯ ಕಾರ್ಡ್ ಡಿಸ್ಕ್‌ಗಳನ್ನು ತನ್ನ ಹಿಂದೆ ಮುಚ್ಚಿಟ್ಟುಕೊಳ್ಳುತ್ತದೆ. ತಾನು ಕಟ್ಟಿದ ವಾಲ್ಯೂಮ್‌ಗಳನ್ನು (ಡಿಸ್ಕ್‌ಗಳಿಂದ ಮಾಡಿದ ತೋರಿಕೆಯ ಡಿಸ್ಕ್‌ಗಳನ್ನು) ಮಾತ್ರ ಆಪರೇಟಿಂಗ್ ಸಿಸ್ಟಂಗೆ ತೋರಿಸುತ್ತದೆ. ಝಡ್‌ಎಫ್‌ಎಸ್‌ಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ಡಿಸ್ಕ್ ನೇರವಾಗಿ ಕೈಗೆ ಸಿಗಬೇಕು, ಬರೆದದ್ದು ನಿಜಕ್ಕೂ ಡಿಸ್ಕ್ ಸೇರಿತೋ ಇಲ್ಲವೋ ಗೊತ್ತಾಗಬೇಕು, ದೋಷ ಬಂದರೆ ಯಾವ ಡಿಸ್ಕಿನದು ಅಂತ ತಿಳಿಯಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಾಯಿತು.

ಒಂದೊಂದು ಡಿಸ್ಕನ್ನೂ ಒಂಟಿ ರೇಡ್0 ವಾಲ್ಯೂಮ್ ಮಾಡಿ ಕೊಟ್ಟರೆ ನಡೆಯುತ್ತದೆ ಅನ್ನುವ ಸಲಹೆ ಬಹಳ ಕಡೆ ಸಿಗುತ್ತದೆ. ನಡೆಯುತ್ತದೆ, ಹೌದು. ಎಂಟು ಡಿಸ್ಕಿನ ಮೇಲೆ ಪ್ರಯೋಗ ಮಾಡುವ ಧೈರ್ಯ ಬರಲಿಲ್ಲ, ಖಾಲಿ ಡಿಸ್ಕ್ ಎರಡಿದ್ದವು, ಅವನ್ನು ಹಾಕಿ ನೋಡಿದೆ. ವಾಲ್ಯೂಮ್ ಬಂತು. ಆದರೆ ಗಾತ್ರ ಡಿಸ್ಕಿಗಿಂತ ಸ್ವಲ್ಪ ಕಡಿಮೆ. ಕಾರ್ಡ್ ತನ್ನ ಲೆಕ್ಕಪತ್ರವನ್ನು ಡಿಸ್ಕಿನ ಮೇಲೇ ಬರೆದಿಟ್ಟುಕೊಂಡಿತ್ತು. ಸೀರಿಯಲ್ ನಂಬರ್ ಕೇಳಿದರೆ ವಾಲ್ಯೂಮಿನದು ಬಂತು, ಡಿಸ್ಕಿನದಲ್ಲ. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವಿವರ ಸುಲಭಕ್ಕೆ ಸಿಗಲಿಲ್ಲ. ಒಂದು ಡಿಸ್ಕ್ ಎಳೆದು ಮತ್ತೆ ಹಾಕಿದೆ. ಕಾರ್ಡ್ ಅದನ್ನು "ಹೊರಗಿನದು" ಅಂತ ಪಕ್ಕಕ್ಕಿಟ್ಟಿತು. ರೀಬೂಟ್ ಮಾಡಿ, ಕಾರ್ಡಿನ ಮೆನುವಿಗೆ ಹೋಗಿ, ಆಮದು ಮಾಡು ಅಂತ ಹೇಳುವವರೆಗೆ ಬಿಟ್ಟುಕೊಡಲಿಲ್ಲ.

ನಡುರಾತ್ರಿ ಒಂದು ಡಿಸ್ಕ್ ಹೋದರೆ ಏನು ಮಾಡಬೇಕಾಗುತ್ತದೆ ಅಂತ ಯೋಚಿಸಿದೆ. ಮೊದಲು ಕಾರ್ಡಿನ ಮೆನು, ಆಮೇಲೆ ಝಡ್‌ಎಫ್‌ಎಸ್. ಕಾರ್ಡೇ ಹೋದರೆ? ಅದೇ ಬಗೆಯ ಇನ್ನೊಂದನ್ನು ಹುಡುಕಿಕೊಂಡು ಹೋಗಬೇಕು. ಗೆಳೆಯನಿಗೆ ಕಾರ್ಡ್ ವಾಪಸ್ ಕೊಟ್ಟೆ. ಕಾರ್ಡಿನ ತಪ್ಪೇನೂ ಇಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಹೊಸ ರೇಡ್ ಕಾರ್ಡ್‌ಗಳಲ್ಲಿ ಡಿಸ್ಕನ್ನು ನೇರವಾಗಿ ಬಿಟ್ಟುಕೊಡುವ ಮೋಡ್ ಇರುವವೂ ಇವೆ. ಇದರಲ್ಲಿ ಇರಲಿಲ್ಲ, ಅಷ್ಟೇ.

ಮೊದಲು ಓದಬೇಕಿದ್ದನ್ನು ಆಮೇಲೆ ಓದಿದೆ

ಇಲ್ಲಿಯವರೆಗೆ ನಾನು ಕಾರ್ಡಿನ ಹೆಸರು ನೋಡಿ ಆರಿಸುತ್ತಿದ್ದೆ. ಆ ದಾರಿಯೇ ತಪ್ಪು. ಆಪರೇಟಿಂಗ್ ಸಿಸ್ಟಂಗೆ ಕಾರ್ಡಿನ ಹೆಸರು ಗೊತ್ತಿಲ್ಲ, ಪೊಟ್ಟಣದ ಬಣ್ಣವೂ ಗೊತ್ತಿಲ್ಲ. ಅದಕ್ಕೆ ಕಾಣುವುದು ಪಿಸಿಐ ಐಡಿ ಅನ್ನುವ ಎರಡು ಸಂಖ್ಯೆ: ಚಿಪ್ ಮಾಡಿದವರದ್ದೊಂದು, ಚಿಪ್‌ನದೊಂದು. ಆ ಜೋಡಿ ಯಾವ ಡ್ರೈವರಿನ ಪಟ್ಟಿಯಲ್ಲಿದೆಯೋ ಆ ಡ್ರೈವರ್ ಕಾರ್ಡನ್ನು ಹಿಡಿಯುತ್ತದೆ. ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಕಾರ್ಡ್ ಸುಮ್ನೆ ಕರೆಂಟ್ ತಿನ್ನುತ್ತಾ ಕೂತಿರುತ್ತದೆ.

ಫ್ರೀಬಿಎಸ್‌ಡಿಯಲ್ಲಿ ಪಿಸಿಐಕಾನ್ಫ್ ಅನ್ನುವ ಕಮಾಂಡ್ ಈ ಐಡಿಗಳನ್ನು ತೋರಿಸುತ್ತದೆ, ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ. ಅದರಲ್ಲೇ ಕ್ಲಾಸ್ ಅನ್ನುವ ಸಂಖ್ಯೆಯೂ ಇರುತ್ತದೆ. ನಾನು ಈಗ ಮೊದಲು ನೋಡುವುದೇ ಅದನ್ನು. 0106ರಿಂದ ಶುರುವಾದರೆ ಸಾಟಾ. 0107 ಆದರೆ ಎಸ್‌ಎಎಸ್. 0104 ಅಂತ ಬಂದರೆ ಆ ಕಾರ್ಡ್ ತನ್ನನ್ನು ರೇಡ್ ಅಂತ ಕರೆದುಕೊಳ್ಳುತ್ತಿದೆ, ಹುಷಾರಾಗಿರಬೇಕು. ನನ್ನ ಎರಡನೇ ಕಾರ್ಡಿನದು 0104 ಇತ್ತು. ಆ ನಾಲ್ಕು ಅಂಕಿ ಮೊದಲೇ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಪ್ರತಿ ಬಿಡುಗಡೆಯ ಜೊತೆ ಫ್ರೀಬಿಎಸ್‌ಡಿಯವರು ಹಾರ್ಡ್‌ವೇರ್ ಟಿಪ್ಪಣಿ ಕೊಡುತ್ತಾರೆ. ಡ್ರೈವರುಗಳ ಮ್ಯಾನ್ (ಕೈಪಿಡಿ) ಪುಟದಲ್ಲೂ ಯಾವ ಚಿಪ್, ಯಾವ ಕಾರ್ಡ್ ನಡೆಯುತ್ತದೆ ಅಂತ ಇರುತ್ತದೆ. ಎರಡು ಸಂಜೆ ಕೂತು ಅದನ್ನೇ ಓದಿದೆ. ಓದುತ್ತಾ ಹೋದಂತೆ ಎಲ್ಲ ದಾರಿಯೂ ಎಲ್‌ಎಸ್‌ಐ ಚಿಪ್‌ಗಳ ಕಡೆಗೇ ಬಂದು ನಿಂತಿತು. ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೋ ಕೊಂಡಿತು, ಅವಾಗೋ 2016ರಲ್ಲಿ ಬ್ರಾಡ್‌ಕಾಮ್ ಅನ್ನುವ ಹೆಸರು ತಗೊಂಡಿತು. ಹಾಗಾಗಿ ಒಂದೇ ಚಿಪ್‌ಗೆ ಮೂರು ಹೆಸರು ಕಂಡರೆ ಗಾಬರಿ ಬೇಡ.

ಈ ಚಿಪ್‌ಗಳಲ್ಲಿ ತಲೆಮಾರುಗಳಿವೆ. ಎಸ್‌ಎಎಸ್1068ಇ ಎಲ್ಲಕ್ಕಿಂತ ಹಳೆಯದು, ಅದಕ್ಕೆ ಎಂಪಿಟಿ ಡ್ರೈವರ್. ಅದು ಡಿಸ್ಕಿನಲ್ಲಿ 2 ಟಿಬಿಯಿಂದಾಚೆ ನೋಡುವುದೇ ಇಲ್ಲ. 4 ಟಿಬಿ ಡಿಸ್ಕ್ ಇರುವ ನನಗೆ ಅದು ಪುಕ್ಕಟೆ ಸಿಕ್ಕರೂ ಬೇಡ. ಆಮೇಲಿನವು ಎಸ್‌ಎಎಸ್2008 ಮತ್ತು ಎಸ್‌ಎಎಸ್2308. ಎರಡಕ್ಕೂ ಎಂಪಿಎಸ್ ಡ್ರೈವರ್, ಎರಡರದ್ದೂ ಪೋರ್ಟಿಗೆ 6 ಗಿಗಾಬಿಟ್. ವ್ಯತ್ಯಾಸ ಅಂದರೆ 2008 ಪಿಸಿಐ ಎಕ್ಸ್‌ಪ್ರೆಸ್ 2.0, 2308 ಪಿಸಿಐ ಎಕ್ಸ್‌ಪ್ರೆಸ್ 3.0. ಅದರ ನಂತರದ್ದು ಎಸ್‌ಎಎಸ್3008, ಪೋರ್ಟಿಗೆ 12 ಗಿಗಾಬಿಟ್, ಡ್ರೈವರ್ ಎಂಪಿಆರ್.

ಬೇರೆ ಸಿಸ್ಟಂ ಬಳಸುವವರಿಗೂ ಇವೇ ಚಿಪ್‌ಗಳು ಒಗ್ಗುತ್ತವೆ, ಡ್ರೈವರಿನ ಹೆಸರು ಬೇರೆ ಅಷ್ಟೇ. ಲಿನಕ್ಸಿನಲ್ಲಿ ಎಂಪಿಟಿ3ಸಾಸ್. ಎಂಪಿಟಿ2ಸಾಸ್ ಅಂತ ಬೇರೆ ಇದ್ದದ್ದು ಈಗ ಅದರೊಳಗೇ ಸೇರಿದೆ. ಓಪನ್‌ಬಿಎಸ್‌ಡಿಯಲ್ಲಿ ಎಂಪಿಐಐ. ಇಲ್ಯುಮೋಸ್‌ನಲ್ಲಿ ಎಂಪಿಟಿ_ಸಾಸ್. ಆದರೆ "ಲಿನಕ್ಸಿನಲ್ಲಿ ನಡೆಯುತ್ತದೆ" ಅನ್ನುವ ಮಾತನ್ನೂ ಕಣ್ಣುಮುಚ್ಚಿ ನಂಬಬಾರದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಂದಾಗ ಎಸ್‌ಎಎಸ್2008ರ ಐಡಿಯನ್ನು ತಮ್ಮ ಡ್ರೈವರಿನ ಪಟ್ಟಿಯಿಂದ ತೆಗೆದುಬಿಟ್ಟರು. ಮೂಲ ಕರ್ನೆಲ್‌ನಲ್ಲಿ ಅದು ಹಾಗೇ ಇತ್ತು. ಕಾರ್ಡ್ ಬದಲಾಗಿಲ್ಲ, ಡ್ರೈವರ್ ಇದೆ, ಪಟ್ಟಿಯಲ್ಲಿ ಒಂದು ಸಾಲು ಇಲ್ಲ. ಅಪ್‌ಗ್ರೇಡ್ ಆದಮೇಲೆ ಡಿಸ್ಕ್‌ಗಳೇ ಮಾಯ.

ಓಪನ್‌ಬಿಎಸ್‌ಡಿಯವರದ್ದು ಇದಕ್ಕೂ ಹಳೆಯ ಪ್ರಸಂಗ. ಅಡಾಪ್‌ಟೆಕ್ ರೇಡ್ ಕಾರ್ಡುಗಳ ದಾಖಲೆ ಕೇಳಿ ಕೇಳಿ ಸಿಗದೆ, 2005ರಲ್ಲಿ ಆ ಡ್ರೈವರನ್ನು ತಮ್ಮ ಸಾಮಾನ್ಯ ಕರ್ನೆಲ್‌ನಿಂದಲೇ ಹೊರಗಿಟ್ಟರು. ದಾಖಲೆ ಇಲ್ಲದೆ ಡ್ರೈವರ್ ಸರಿಮಾಡಲು ಆಗುವುದಿಲ್ಲ, ಅರ್ಧಂಬರ್ಧ ನಡೆಯುವ ಡ್ರೈವರ್ ನಂಬಿ ಜನ ಡೇಟಾ ಕಳಕೊಳ್ಳುವುದು ಬೇಡ ಅನ್ನುವುದು ಅವರ ವಾದ. ಮೊದಲ ಕಾರ್ಡ್ ಅನುಭವಿಸಿದ ಮೇಲೆ ನನಗೆ ಆ ವಾದ ಸರಿ ಅನ್ನಿಸುತ್ತದೆ. ಸಿಸ್ಟಂ ಗುರುತಿಸದ ಕಾರ್ಡ್ ಮೊದಲ ದಿನವೇ ಗೊತ್ತಾಗುತ್ತದೆ. ಗುರುತಿಸಿ, ಹೊರೆ ಬಿದ್ದಾಗ ಕೈಕೊಡುವ ಕಾರ್ಡ್ ಅದಕ್ಕಿಂತ ಅಪಾಯ.

ನನ್ನ ಆಯ್ಕೆಗೆ ಲೇನ್ ಲೆಕ್ಕ ಸಾಕಾಯಿತು. ಒಂದು ಹಾರ್ಡ್ ಡಿಸ್ಕ್ ಚೆನ್ನಾಗಿ ಓಡಿದರೆ ಸೆಕೆಂಡಿಗೆ 200 ಎಂಬಿ ಅಂತಿಟ್ಟುಕೊಳ್ಳಿ. ಎಂಟಕ್ಕೆ 1,600. ಪಿಸಿಐ ಎಕ್ಸ್‌ಪ್ರೆಸ್ 2.0ರ ಎಂಟು ಲೇನ್ 4,000 ಕೊಡುತ್ತದೆ. ಎಸ್‌ಎಎಸ್2008 ಧಾರಾಳ ಸಾಕು. ಎಂಟೂ ಎಸ್‌ಎಸ್‌ಡಿ ಆಗಿದ್ದರೆ 3008 ಕಡೆ ಹೋಗುತ್ತಿದ್ದೆ. ಅದಲ್ಲದೆ 2008ರ ಕಾರ್ಡುಗಳು ನಾನಾ ವೇಷದಲ್ಲಿ ಸಿಗುತ್ತವೆ. ಎಲ್‌ಎಸ್‌ಐ 9211-8ಐ ಅದರ ಮೂಲ ರೂಪ. ಐಬಿಎಂ ಎಂ1015, ಡೆಲ್ ಎಚ್200, ಎಚ್310 ಎಲ್ಲವೂ ಇದೇ ಚಿಪ್.

ಮೂರನೇ ಕಾರ್ಡ್, ಮತ್ತು ಬೂಟ್ ಆಗದ ಮೆಷಿನ್

ಅಂಥದ್ದೇ ಒಂದು ವೇಷಧಾರಿ ಕಾರ್ಡ್ ತಂದೆ. ಸರ್ವರ್ ಕಂಪನಿಯೊಂದರ ಹೆಸರಿನಲ್ಲಿತ್ತು, ಹಳೆಯದು. ಸ್ಲಾಟ್‌ಗೆ ಹಾಕಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಬಯೋಸ್ ಕೂಡ ಬರುವುದಿಲ್ಲ. ಕಾರ್ಡ್ ತೆಗೆದರೆ ಎಲ್ಲ ಸರಿ. ಸತ್ತ ಕಾರ್ಡ್ ಬಂತಲ್ಲ ಅಂತ ತಲೆ ಮೇಲೆ ಕೈಹೊತ್ತು ಕೂತೆ.

ಸತ್ತಿರಲಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಎಸ್‌ಎಂಬಸ್ ಅನ್ನುವ ಎರಡು ತಂತಿ ಇರುತ್ತದೆ. ಸರ್ವರ್ ಬೋರ್ಡ್ ಅದರ ಮೂಲಕ ಕಾರ್ಡಿನ ಜೊತೆ ಮಾತಾಡುತ್ತದೆ. ಕೆಲವು ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಈ ಮಾತುಕತೆ ಮೆಮೊರಿ ಗುರುತಿಸುವ ಕೆಲಸಕ್ಕೆ ಅಡ್ಡ ಬರುತ್ತದೆ, ಬೂಟ್ ಅಲ್ಲಿಗೇ ನಿಲ್ಲುತ್ತದೆ. ಪರಿಹಾರ ನಗು ಬರುವಷ್ಟು ಸರಳ: ಬಿ5 ಮತ್ತು ಬಿ6 ಪಿನ್‌ಗಳ ಮೇಲೆ ತೆಳು ಟೇಪ್. ಚಿಪ್‌ಗಳಿರುವ ಬದಿಯೇ ಬಿ ಬದಿ. ಲೋಹದ ಪಟ್ಟಿ ಇರುವ ತುದಿಯಿಂದ ಎಣಿಸಿದರೆ ಐದನೆಯದು, ಆರನೆಯದು. ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಕತ್ತರಿಸಿ ಅಂಟಿಸಿದೆ. ಮೊದಲ ಸಲ ಅಡ್ಡಾದಿಡ್ಡಿ ಅಂಟಿಸಿ ಬಿ4ನ್ನೂ ಮುಚ್ಚಿದ್ದೆ, ತೆಗೆದು ಮತ್ತೆ ಅಂಟಿಸಿದೆ. ಮೆಷಿನ್ ಬೂಟ್ ಆಯಿತು.

ಪಿಸಿಐಕಾನ್ಫ್ ನೋಡಿದರೆ ಐಡಿ 1000 ಮತ್ತು 0073, ಕ್ಲಾಸ್ 0104. 1000 ಅಂದರೆ ಎಲ್‌ಎಸ್‌ಐ. 0073 ಅಂದರೆ ಎಸ್‌ಎಎಸ್2008 ಚಿಪ್‌ಗೆ ರೇಡ್ ಫರ್ಮ್‌ವೇರ್ ತುಂಬಿದ ರೂಪ. ನನಗೆ ಬೇಕಾದದ್ದು 0072. ಅಂದರೆ ಚಿಪ್ ಸರಿಯಿದೆ, ಫರ್ಮ್‌ವೇರ್ ಬದಲಾಯಿಸಬೇಕು. ರೇಡ್ ಕಿತ್ತು ಐಟಿ ಫರ್ಮ್‌ವೇರ್ ಹಾಕಬೇಕು. ಐಟಿ ಮೋಡ್‌ನಲ್ಲಿ ಕಾರ್ಡ್ ಯಾವ ಜಾಣತನವನ್ನೂ ತೋರಿಸುವುದಿಲ್ಲ. ಡಿಸ್ಕ್‌ಗಳನ್ನು ಇದ್ದ ಹಾಗೇ ಮುಂದಕ್ಕೆ ದಾಟಿಸುತ್ತದೆ.

ಇದೊಂದು ಕೆಲಸಕ್ಕೆ ಮಾತ್ರ ಅವಸರ ಬೇಡ. ಮೊದಲು ಕಾರ್ಡಿನ ಸ್ಟಿಕ್ಕರ್ ಮೇಲಿರುವ 16 ಅಂಕಿಯ ಎಸ್‌ಎಎಸ್ ವಿಳಾಸ ಬರೆದಿಟ್ಟುಕೊಳ್ಳಿ. ಫರ್ಮ್‌ವೇರ್ ಇರುವ ಫ್ಲ್ಯಾಶ್ ಮೆಮೊರಿ ಅಳಿಸಿದರೆ ಅದೂ ಅಳಿಸಿ ಹೋಗುತ್ತದೆ, ಕೊನೆಗೆ ಕೈಯಾರೆ ತುಂಬಬೇಕು. ಡಿಸ್ಕ್‌ಗಳನ್ನೆಲ್ಲ ಬಿಚ್ಚಿಟ್ಟೆ. ಡಾಸ್ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಮೆಗಾರೆಕ್ ಉಪಕರಣದಿಂದ ಹಳೆಯ ಗುರುತನ್ನೂ ಫ್ಲ್ಯಾಶ್ ಅನ್ನೂ ಅಳಿಸಿದೆ. ರೀಬೂಟ್. ಮುಂದಿನ ಹೆಜ್ಜೆ ಹೊಸ ಫರ್ಮ್‌ವೇರ್ ತುಂಬುವ ಸಾಸ್2ಫ್ಲ್ಯಾಶ್. ಡಾಸ್‌ನಲ್ಲಿ ಅದನ್ನು ಓಡಿಸಿದರೆ "ಪಿಎಎಲ್ ಶುರುಮಾಡಲು ಆಗಲಿಲ್ಲ" ಅನ್ನುವ ಅರ್ಥದ ಸಾಲು ಬಂದು ನಿಂತಿತು.

ಆ ಕ್ಷಣ ಎದೆ ಧಸಕ್ ಅಂತು. ಕಾರ್ಡ್ ಖಾಲಿ, ತುಂಬುವ ಉಪಕರಣ ಓಡುತ್ತಿಲ್ಲ. ಆಮೇಲೆ ತಿಳಿಯಿತು, ಹಳೆಯ ಬಯೋಸ್ ಬದಲು ಯುಇಎಫ್‌ಐ ಇರುವ ಬೋರ್ಡ್‌ಗಳಲ್ಲಿ ಡಾಸ್ ಆವೃತ್ತಿ ಹೀಗೆ ಮಾಡುವುದು ಮಾಮೂಲಿ. ಸಾಸ್2ಫ್ಲ್ಯಾಶ್‌ನದೇ ಇಎಫ್‌ಐ ಆವೃತ್ತಿಯನ್ನು ಇಎಫ್‌ಐ ಶೆಲ್ (ಕಮಾಂಡ್ ಪರದೆ) ನಿಂದ ಓಡಿಸಬೇಕು. ಶೆಲ್ ಕೂಡ ಹಳೆಯ 1ನೇ ಆವೃತ್ತಿಯದ್ದೇ ಆಗಬೇಕು, 2ನೆಯದರಲ್ಲಿ ಇದು ಶುರುವಾಗುವುದಿಲ್ಲ. ಪೆನ್ ಡ್ರೈವ್ ಮತ್ತೆ ಸಿದ್ಧಮಾಡಿ ಓಡಿಸಿದೆ, ತಕರಾರಿಲ್ಲದೆ ತುಂಬಿತು. 9211-8ಐನ ಐಟಿ ಫರ್ಮ್‌ವೇರ್, ಆವೃತ್ತಿ 20.00.07.00. ಇಪ್ಪತ್ತರ ಸಾಲಿನಲ್ಲಿ ಅದಕ್ಕಿಂತ ಮೊದಲು ಬಂದವು ಬೇಡ, ಕೊನೆಯ ಆ 07 ನೋಡಿಯೇ ಹಾಕಿ. ಬೂಟ್ ರೋಮ್ (ಕಾರ್ಡಿನ ಡಿಸ್ಕ್‌ಗಳಿಂದ ಬೂಟ್ ಆಗಲು ಬೇಕಾದ ಭಾಗ) ತುಂಬಲಿಲ್ಲ. ನನ್ನ ಬೂಟ್ ಎಸ್‌ಎಸ್‌ಡಿಗಳು ಮದರ್‌ಬೋರ್ಡಿನಲ್ಲೇ ಇವೆ, ಆ ರೋಮ್ ಇಲ್ಲದಿದ್ದರೆ ಮೆಷಿನ್ ಬೇಗ ಏಳುತ್ತದೆ. ಕೊನೆಗೆ ಎಸ್‌ಎಎಸ್ ವಿಳಾಸ ತುಂಬಿ ರೀಬೂಟ್.

ಐಡಿ 0072. ಕ್ಲಾಸ್ 0107. ಎಂಪಿಎಸ್0 ಅಂತ ಸಾಲು, ಪಕ್ಕದಲ್ಲಿ ಫರ್ಮ್‌ವೇರ್ 20.00.07.00.

ಕೇಬಲ್, ಬಿಸಿ, ಸ್ಲಾಟ್

ಡಿಸ್ಕ್ ಜೋಡಿಸಿದೆ. ಒಂದೂ ಕಾಣಲಿಲ್ಲ. ಈ ಸಲ ತಪ್ಪು ಪೂರ್ತಿ ನನ್ನದೇ. ಕಾರ್ಡಿನಲ್ಲಿರುವುದು ಎಸ್‌ಎಫ್‌ಎಫ್-8087 ಅನ್ನುವ ಎರಡು ಕನೆಕ್ಟರ್, ಒಂದೊಂದರಿಂದ ನಾಲ್ಕು ಸಾಟಾ ಬಾಲ ಹೊರಡುತ್ತದೆ. ಈ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಅಂತ ಎರಡು ಬಗೆ. ಕಾರ್ಡಿನಿಂದ ನಾಲ್ಕು ಡಿಸ್ಕ್‌ಗೆ ಹೋಗಲು ಫಾರ್ವರ್ಡ್. ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟ್‌ನಿಂದ ಬ್ಯಾಕ್‌ಪ್ಲೇನ್‌ಗೆ (ಡಿಸ್ಕ್‌ಗಳು ನೇರವಾಗಿ ಕೂರುವ ಬೋರ್ಡ್) ಹೋಗಲು ರಿವರ್ಸ್. ನೋಡಲು ಅವಳಿ ಜವಳಿ. ಹಾಕಿದರೆ ಏನೂ ಸುಡುವುದಿಲ್ಲ, ಏನೂ ಕಾಣುವುದೂ ಇಲ್ಲ. ನಾನು ತಂದದ್ದು ರಿವರ್ಸ್. ಕೇಬಲ್‌ಗೆ ಮತ್ತೆ ನಾಲ್ಕು ದಿನ ಕಾದೆ.

ಸರಿಯಾದ ಕೇಬಲ್ ಬಂದ ದಿನ ಡಿಎ0ರಿಂದ ಡಿಎ7ರವರೆಗೆ ಎಂಟೂ ಬಂದವು. ಮೊದಲ ಕಾರ್ಡಿನಲ್ಲಿ ಇವುಗಳ ಹೆಸರು ಎಡಿಎ ಅಂತಿತ್ತು, ಈಗ ಡಿಎ. ಝಡ್‌ಎಫ್‌ಎಸ್‌ಗೆ ಅದರಿಂದ ಏನೂ ಆಗಬೇಕಿಲ್ಲ. ಅದು ಡಿಸ್ಕಿನೊಳಗಿನ ಗುರುತು ಓದಿ ಪೂಲ್ ಹುಡುಕುತ್ತದೆ. ಇಂಪೋರ್ಟ್ ಅಂದೆ, ಬ್ಯಾಕಪ್‌ಗಳೆಲ್ಲ ಇದ್ದ ಹಾಗೇ ಬಂದವು. ಕಾರ್ಡ್ ಮಧ್ಯೆ ತಲೆಹಾಕದಿದ್ದರೆ ಸಿಗುವ ಲಾಭ ಇದು. ಆದರೆ ನಮಗೆ ಹೆಸರು ಬೇಕಾಗುತ್ತದೆ. ನಾಳೆ ಡಿಎ5 ಹೋಯಿತು ಅಂದರೆ ಯಾವ ಡಿಸ್ಕ್ ಕೀಳುವುದು? ಒಂದು ಡಿಸ್ಕ್ ಕಾಣದಿದ್ದರೂ ಅದರ ಮುಂದಿನವುಗಳ ಸಂಖ್ಯೆ ಬದಲಾಗಬಹುದು. ಅದಕ್ಕೇ ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಚೀಟಿಯಲ್ಲಿ ಬರೆದು, ಡಿಸ್ಕಿನ ಮುಂದೆ ಕಾಣುವ ಹಾಗೆ ಅಂಟಿಸಿದೆ.

ಸ್ಕ್ರಬ್ ಶುರುಮಾಡಿ ವೇಗ ನೋಡಿದರೆ ನಾನು ಎಣಿಸಿದಷ್ಟು ಇಲ್ಲ. ಪಿಸಿಐಕಾನ್ಫ್‌ನಲ್ಲಿ ಲಿಂಕ್ ನೋಡಿದೆ: ಎಂಟು ಲೇನಿನ ಕಾರ್ಡ್, ನಾಲ್ಕೇ ಲೇನಿನಲ್ಲಿ ಓಡುತ್ತಿದೆ. ಎರಡನೇ ಉದ್ದ ಸ್ಲಾಟಿಗೆ ಹಾಕಿದ್ದೆ. ಅದರ ಉದ್ದ 16 ಲೇನಿನದು, ಒಳಗೆ ತಂತಿ ನಾಲ್ಕಕ್ಕೆ ಮಾತ್ರ. ಮದರ್‌ಬೋರ್ಡಿನ ಪುಸ್ತಕದಲ್ಲಿ ಬರೆದೇ ಇತ್ತು, ನಾನು ನೋಡಿರಲಿಲ್ಲ. ಈ ಮೆಷಿನ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಡವಾದ್ದರಿಂದ ಮೊದಲ ಸ್ಲಾಟಿಗೆ ಬದಲಾಯಿಸಿದೆ. ನಾಲ್ಕು ಲೇನಿನಲ್ಲೂ ಹಾರ್ಡ್ ಡಿಸ್ಕ್‌ಗಳಿಗೆ ಸಾಕಾಗುತ್ತಿತ್ತು ಅನ್ನಿ. ಆದರೂ ಖಾಲಿ ಇರುವಾಗ ಯಾಕೆ ಬಿಡುವುದು.

ಸ್ಲಾಟ್ ಬದಲಾಯಿಸಲು ಕಾರ್ಡ್ ಹಿಡಿದಾಗಲೇ ಇನ್ನೊಂದು ವಿಷಯ ಗೊತ್ತಾಗಿದ್ದು. ಹೀಟ್‌ಸಿಂಕ್ ಮುಟ್ಟಿದ ಬೆರಳು ಚುರ್ ಅಂತು. ಈ ಕಾರ್ಡುಗಳು ಸರ್ವರಿನ ಜೋರುಗಾಳಿಗೆ ಅಂತ ಮಾಡಿದವು. ಅಲ್ಲಿ ಮುಂದಿನ ಫ್ಯಾನ್‌ಗಳು ಸದಾ ಅಬ್ಬರಿಸುತ್ತಿರುತ್ತವೆ. ಡೆಸ್ಕ್‌ಟಾಪ್ ಕ್ಯಾಬಿನೆಟ್‌ನಲ್ಲಿ ಸ್ಲಾಟ್‌ಗಳ ಹತ್ತಿರ ಗಾಳಿ ನಿಂತೇ ಇರುತ್ತದೆ. ಬಿಸಿಯಾದ ಕಾರ್ಡ್ ಒಮ್ಮೆಲೇ ಸಾಯುವುದಿಲ್ಲ. ಎಂಟು ಡಿಸ್ಕಿನಲ್ಲೂ ಆಗೊಂದು ಈಗೊಂದು ದೋಷ ತೋರಿಸುತ್ತದೆ, ನಾವು ಡಿಸ್ಕ್‌ಗಳನ್ನು ಬೈಯುತ್ತಾ ಕೂರುತ್ತೇವೆ. 40 ಮಿಲಿಮೀಟರಿನ ಚಿಕ್ಕ ಫ್ಯಾನ್ ಒಂದನ್ನು ಹೀಟ್‌ಸಿಂಕ್ ಮೇಲೆ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿದೆ. ನೋಡಲು ಚೆಂದವಿಲ್ಲ. ಈಗ ಬೆರಳಿಟ್ಟರೆ ಬೆಚ್ಚಗಿದೆ, ಅಷ್ಟೇ.

ಪರೀಕ್ಷೆ

ಕಾರ್ಡ್ ಗುರುತಿಸಿತು ಅನ್ನುವುದನ್ನೇ ಪಾಸ್ ಅಂತ ತಿಳಿಯುವ ಚಾಳಿ ಮೊದಲ ಕಾರ್ಡ್‌ನಲ್ಲೇ ಬಿಟ್ಟುಹೋಗಿತ್ತು. ಎಂಟೂ ಡಿಸ್ಕನ್ನು ಒಟ್ಟಿಗೆ, ತಲೆಯಿಂದ ಬುಡದವರೆಗೆ ಓದಿಸಿದೆ. ಎಂಪಿಎಸ್‌ಯುಟಿಲ್ ಅನ್ನುವ ಉಪಕರಣ ಪ್ರತಿ ಪೋರ್ಟಿನ ವೇಗ ತೋರಿಸುತ್ತದೆ. ಎಂಟರಲ್ಲೂ 6.0 ಇತ್ತು. ಓದಿ ಮುಗಿದ ಮೇಲೆ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಸಾಲು ನೋಡಿದೆ. ಡಿಸ್ಕ್ ಮತ್ತು ಕಾರ್ಡ್ ನಡುವೆ ಡೇಟಾ ಕೆಟ್ಟು ಬಂದ ಲೆಕ್ಕ ಅಲ್ಲಿರುತ್ತದೆ, ಅದು ಏರಿದರೆ ಸಾಮಾನ್ಯವಾಗಿ ತಪ್ಪು ಕೇಬಲ್‌ನದು. ಏಳು ಡಿಸ್ಕ್‌ನಲ್ಲಿ ಸೊನ್ನೆ. ಒಂದರಲ್ಲಿ 41. ಅದರ ಬಾಲ ಕ್ಯಾಬಿನೆಟ್ ಬಾಗಿಲಿಗೆ ಒತ್ತಿ ಚೂಪಾಗಿ ಮಡಚಿತ್ತು. ಸಡಿಲಮಾಡಿ ಬೇರೆ ದಾರಿಯಲ್ಲಿ ಎಳೆದೆ.

ಆಮೇಲೆ ಪೂಲ್ ಓಡುತ್ತಿರುವಾಗಲೇ ಒಂದು ಡಿಸ್ಕಿನ ಕೇಬಲ್ ಕಿತ್ತೆ. ಬ್ಯಾಕಪ್‌ನ ಇನ್ನೊಂದು ಪ್ರತಿ ಬೇರೆ ಕಡೆ ಇದ್ದದ್ದರಿಂದ ಈ ಧೈರ್ಯ. ಪೂಲ್ ದುರ್ಬಲವಾಗಿದೆ ಅಂತ ಝಡ್‌ಪೂಲ್ ಸ್ಟೇಟಸ್ ಹೇಳಿತು, ಫೈಲ್‌ಗಳು ಓದಲು ಬಂದವು, ಉಳಿದ ಏಳು ಡಿಸ್ಕ್ ಕಮಕ್ ಕಿಮಕ್ ಅನ್ನಲಿಲ್ಲ. ಮತ್ತೆ ಸಿಕ್ಕಿಸಿದೆ. ಡಿಸ್ಕ್ ಬಂತು, ಆನ್‌ಲೈನ್ ಅಂದೆ, ನಡುವೆ ತಪ್ಪಿದಷ್ಟನ್ನು ಮಾತ್ರ ತುಂಬಿಕೊಂಡಿತು. ರೀಬೂಟ್ ಇಲ್ಲ, ಮೆನು ಇಲ್ಲ.

ಸ್ಕ್ರಬ್ ಎರಡು ಸಲ ಓಡಿಸಿದೆ. ಮೊದಲನೆಯದು 4 ಗಂಟೆ 10 ನಿಮಿಷ, ಎರಡನೆಯದು ಅದಕ್ಕಿಂತ ಐದು ನಿಮಿಷ ಕಡಿಮೆ. ದೋಷ ಸೊನ್ನೆ.

199ನೇ ಸಾಲಿನ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹಾಗಾಗಿ ಆ ಡಿಸ್ಕಿನ ಚೀಟಿಯ ಮೇಲೆ ಸೀರಿಯಲ್ ನಂಬರಿನ ಕೆಳಗೆ 41 ಅಂತ ಬರೆದು, ಅವತ್ತಿನ ತಾರೀಕು ಹಾಕಿದೆ. ಈ ಬೆಳಿಗ್ಗೆ ನೋಡಿದಾಗಲೂ 41ರಲ್ಲೇ ಇತ್ತು.